ಮನ್ಯಾಗ ಯಾರದಾರ?

ಕಳೆದ ಮೂರು ವಾರಗಳಲ್ಲಿ ನಾನು ಅತಿ ಹೆಚ್ಚು ಸಲ ಉತ್ತರ ಕೊಟ್ಟ ಪ್ರಶ್ನೆ 'ಮನ್ಯಾಗ ಯಾರದಾರ?' ಎಂಬುದು. ಹೆಂಡತಿಗೆ ಸ್ತನ ಕ್ಯಾನ್ಸರ್ ಎಂದು ಬಯಾಪ್ಸಿ ವರದಿ ಬಂದಿದೆ, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದೆ, ಅಲ್ಲಿಯವರೆಗೆ ಕಾಯಬೇಕು. ಸುದ್ದಿ ಕೇಳಿದ ಧಾರವಾಡದ ಬಂಧುಗಳು ಹೀಗೆ ಕೇಳುತ್ತಾರೆ. ಪುಣೆಯ ಎದುರು ಫ್ಲ್ಯಾಟಿನವರು 'ಘರೀ ಕೋಣ್ ಆಹೇ?' ಎನ್ನುತ್ತಾರೆ. ಕಚೇರಿಯವರು ಅದನ್ನೇ ಇಂಗ್ಲಿಷಿನಲ್ಲಿ, ಇನ್ನಷ್ಟು ಮೃದುವಾಗಿ ಕೇಳುತ್ತಾರೆ. 'ನಾನದೀನಲ್ಲ' ಅಂದರೆ ಆ ಕಡೆಯಿಂದ ಬರುವ ಮಾತು ಹೆಚ್ಚುಕಡಿಮೆ ಒಂದೇ: 'ಅದು ಖರೆ, ಆದ್ರ ಹೆಣ್ಣಮಕ್ಕಳು ಯಾರರ ಬೇಕಲ್ಲ.'

ಕೇಳುವವರಲ್ಲಿ ಕೆಟ್ಟವರು ಯಾರೂ ಇಲ್ಲ. ಅರ್ಧಕ್ಕರ್ಧ ಜನ ಅದರ ಬೆನ್ನಿಗೇ 'ನಾ ಬರಲೇನು?' ಎಂದೂ ಕೇಳಿದ್ದಾರೆ. ಆ ಋಣ ನನಗೆ ಗೊತ್ತು. ಆದರೆ ಒಳ್ಳೆಯವರು ಕೇಳಿದರು ಅನ್ನುವ ಕಾರಣಕ್ಕೆ ಪ್ರಶ್ನೆ ಒಳ್ಳೆಯದಾಗುವುದಿಲ್ಲ. ಇದರೊಳಗೆ ಒಂದು ಹಳೆಯ ಹಂಚಿಕೆ ಕೂತಿದೆ: ಹೆಂಡತಿ ಕಾಯಿಲೆ ಬಿದ್ದರೆ ತೀರ್ಮಾನ ಗಂಡನದು, ದುಡ್ಡು ಗಂಡನದು, ಆರೈಕೆ ಮಾತ್ರ ಇನ್ನೊಬ್ಬ ಹೆಂಗಸಿನದು. ಈ ಹಂಚಿಕೆ ಎರಡು ಕಡೆಯಿಂದಲೂ ತಪ್ಪು ಎಂಬುದು ನನ್ನ ವಾದ. ಗಂಡನಿಗೆ ಸಲ್ಲದ ಅಧಿಕಾರವನ್ನು ಅದು ಅವನ ಕೈಗಿಡುತ್ತದೆ. ಅವನು ಮಾಡಲೇಬೇಕಾದ ಕೆಲಸವನ್ನು ಅವನ ಕೈಯಿಂದ ಕಸಿಯುತ್ತದೆ. ಪೆಟ್ಟು ಬೀಳುವುದು ರೋಗಿಗೆ.

ಮೊದಲು ಅಧಿಕಾರದ ವಿಷಯ. ವರದಿ ಬಂದ ಸಂಜೆ ಊರಿನ ಹಿರಿಯರೊಬ್ಬರು ಫೋನ್ ಮಾಡಿ, 'ಅಕಿಗೆ ಹೇಳಬ್ಯಾಡ. ಗಂಟ ಅದ, ತಗಸಬೇಕು ಅಂತ ಅಷ್ಟ ಹೇಳು' ಎಂದರು. ಅವಳು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಲ್ಯಾಬಿನಿಂದ ವರದಿ ಬಂದದ್ದು ಅವಳ ಮೊಬೈಲಿಗೆ. ನಾನು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಮನೆ ಸೇರುವಷ್ಟರಲ್ಲಿ ಅವಳು ಅದನ್ನು ಎರಡು ಸಲ ಓದಿ, ಗೊತ್ತಾಗದ ಶಬ್ದಗಳಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಇಟ್ಟಿದ್ದಳು. ಅಂಥವಳಿಂದ ಅವಳದೇ ದೇಹದ ಸುದ್ದಿಯನ್ನು ಮುಚ್ಚಿಡು ಎನ್ನುವುದು ಕರುಣೆ ಎಂದು ನಾವು ಎಷ್ಟು ತಲೆಮಾರಿನಿಂದ ನಂಬಿಕೊಂಡು ಬಂದಿದ್ದೇವೆ! ಓದುಬರಹ ಬಾರದ ಹೆಂಗಸಾಗಿದ್ದರೂ ಮಾತು ಇದೇ. ಮುಚ್ಚಿಟ್ಟ ಮನೆಯಲ್ಲಿ ರೋಗಿಗೆ ಎಲ್ಲರ ಮುಖ ನೋಡಿಯೇ ಅರ್ಥವಾಗಿರುತ್ತದೆ. ಅವಳು ಗೊತ್ತಿಲ್ಲದವಳಂತೆ ನಟಿಸುತ್ತಾಳೆ, ಉಳಿದವರು ಏನೂ ಆಗಿಲ್ಲದಂತೆ ನಟಿಸುತ್ತಾರೆ. ಹೆದರಿಕೆಯನ್ನು ಹೇಳಿಕೊಳ್ಳಲು ಒಬ್ಬರಾದರೂ ಬೇಕಾದ ಹೊತ್ತಿನಲ್ಲಿ ಅವಳಿಗೆ ಯಾರೂ ಇಲ್ಲದಂತಾಗುತ್ತದೆ.

ಆಮೇಲೆ ಬರುವುದು ಆಯ್ಕೆ. ಗಂಟನ್ನೂ ಅದರ ಸುತ್ತಲಿನ ಒಂದಿಷ್ಟು ಭಾಗವನ್ನೂ ತೆಗೆದು ಮುಂದೆ ರೇಡಿಯೇಷನ್ ಕೊಡುವುದು ಒಂದು ದಾರಿ. ಇಡೀ ಸ್ತನವನ್ನು ತೆಗೆಯುವುದು ಇನ್ನೊಂದು. ಆರಂಭದ ಹಂತದ ಗಂಟಿಗೆ ಈ ಎರಡರಲ್ಲೂ ಬದುಕುಳಿಯುವ ಸಾಧ್ಯತೆ ಸಮ ಎಂದು ಇಟಲಿಯ ಮಿಲಾನಿನಲ್ಲಿ ಉಂಬರ್ಟೊ ವೆರೊನೇಸಿ, ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ ಮತ್ತು ಅವರ ಸಂಗಡಿಗರು ನಡೆಸಿದ ಅಧ್ಯಯನಗಳು ತೋರಿಸಿವೆ. ಎರಡೂ ಅಧ್ಯಯನಗಳ 20 ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಎರಡೂ ದಾರಿಗಳು ಸಾಧ್ಯವಿರುವಾಗ, ವಿಜ್ಞಾನ ಎರಡನ್ನೂ ಸಮ ಎಂದಾಗ, ಉಳಿಯುವುದು ಆ ಹೆಂಗಸಿನ ಇಷ್ಟ ಒಂದೇ. ಆದರೂ ವೈದ್ಯರ ಎದುರು ನಾವಿಬ್ಬರೂ ಕುಳಿತಿದ್ದಾಗ 'ಏನು ತೀರ್ಮಾನ ಮಾಡಿದಿರಿ?' ಎಂಬ ಪ್ರಶ್ನೆ ಬಂದದ್ದು ನನ್ನ ಕಡೆಗೆ. ಬಂಧುಗಳ ಫೋನೂ ನನಗೇ. 'ಪೂರ್ತಿ ತಗಸಿಬಿಡು, ಆಮ್ಯಾಲಿನ ಕಿರಿಕಿರಿನ ಬ್ಯಾಡ' ಎಂದವರು ಹಲವರು. ಒಬ್ಬರು ದನಿ ತಗ್ಗಿಸಿ, 'ನಿನಗೇನೂ ತೊಂದರಿ ಇಲ್ಲಲ್ಲ?' ಎಂದೂ ಕೇಳಿದರು. ನನಗೆ! ಅವಳ ಎದೆಯ ಬಗ್ಗೆ!

ಇಂಥ ಫೋನುಗಳಿಗೆ ನಾನು ಕಂಡುಕೊಂಡ ಉಪಾಯ ಸರಳ. 'ತಡೀರಿ, ಅಕಿಗೇ ಕೊಡ್ತೀನಿ' ಎಂದು ಫೋನನ್ನು ಅವಳ ಕೈಗೆ ಕೊಡುತ್ತೇನೆ. ನನಗೆ ಹತ್ತು ನಿಮಿಷ ಉಪದೇಶ ಮಾಡುತ್ತಿದ್ದವರು ಅವಳೊಡನೆ ಅರ್ಧ ನಿಮಿಷದಲ್ಲಿ 'ಆರಾಮಾಗ್ತೀ ಬಿಡವಾ' ಎಂದು ಮುಗಿಸುತ್ತಾರೆ. ಅವಳು ಯಾವುದನ್ನು ಆರಿಸಿಕೊಂಡಳು ಎಂಬುದನ್ನು ಇಲ್ಲಿ ಬರೆದಿದ್ದೆ. ಲೇಖನ ಓದಿದ ಅವಳು ಆ ಎರಡು ಸಾಲು ಅಳಿಸಿಹಾಕಿದಳು. ಉಳಿದದ್ದಕ್ಕೆ ಅವಳ ಒಪ್ಪಿಗೆ ಇದೆ.

ಈ ವಿಷಯದಲ್ಲಿ ಕಾನೂನು ನಮ್ಮ ಬಂಧುಬಳಗಕ್ಕಿಂತ ಮುಂದಿದೆ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಅರಿವಳಿಕೆಯಲ್ಲಿದ್ದ ವಯಸ್ಕ ಮಹಿಳೆಯ ಗರ್ಭಕೋಶ ತೆಗೆಯಲು ವೈದ್ಯರು ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದಿದ್ದರು. ಜೀವಕ್ಕೆ ತಕ್ಷಣದ ಅಪಾಯವಿಲ್ಲದಾಗ, ಎಚ್ಚರವಾದ ಮೇಲೆ ತಾನೇ ತೀರ್ಮಾನಿಸಬಲ್ಲ ರೋಗಿಯ ಪರವಾಗಿ ಹೆತ್ತ ತಾಯಿ ಕೊಟ್ಟ ಒಪ್ಪಿಗೆಯೂ ಒಪ್ಪಿಗೆಯಲ್ಲ ಎಂದಿತು ನ್ಯಾಯಾಲಯ. ತಾಯಿಗೇ ಇಲ್ಲದ ಹಕ್ಕು ಗಂಡನಿಗೆ ಎಲ್ಲಿಂದ ಬರಬೇಕು? ಫಾರಂ ಮೇಲೆ ಗಂಡನ ಸಹಿಯನ್ನೂ ಕೇಳುತ್ತಾರೆ, ಹಾಕೋಣ. ಅದು ಸಾಕ್ಷಿಯ ಸಹಿ, ಯಜಮಾನನದಲ್ಲ.

ಇನ್ನು ಕೆಲಸದ ಮಾತು. 'ಆಪರೇಶನ್ನಿಗೆ ಇನ್ನೂ ದಿನ ಅದಾವಲ್ಲ, ಈಗ್ಯಾಕ ರಜಾ?' ಎಂದು ಕೇಳುವವರಿಗೆ ಈ ಕಾಯುವ ದಿನಗಳಲ್ಲಿ ಏನೇನಿರುತ್ತದೆ ಎಂಬುದು ತಿಳಿದಂತಿಲ್ಲ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದ ಮೇಲೆ ಅದು ಯಾವ ಬಗೆಯದು ಎಂದು ತಿಳಿಯಲು ಇಆರ್, ಪಿಆರ್, ಹರ್‌-2 ಎಂಬ ಮೂರು ಪರೀಕ್ಷೆ. ಹರ್‌-2 ಫಲಿತಾಂಶ ಎರಡು ಪ್ಲಸ್ ಬಂದರೆ ಅತ್ತಲೂ ಅಲ್ಲ ಇತ್ತಲೂ ಅಲ್ಲ. ಫಿಶ್ ಎಂಬ ಇನ್ನೊಂದು ಪರೀಕ್ಷೆ ಆಗಬೇಕು, ಮತ್ತೆ ದಿನಗಳು. ಎರಡನೇ ಅಭಿಪ್ರಾಯ ಬೇಕೆಂದರೆ ಮೊದಲ ಲ್ಯಾಬಿಗೆ ಅರ್ಜಿ ಕೊಟ್ಟು ಗಾಜಿನ ಸ್ಲೈಡನ್ನೂ ಮೇಣದ ಬ್ಲಾಕನ್ನೂ ಬಿಡಿಸಿಕೊಂಡು ಬಂದು ಇನ್ನೊಂದು ಕಡೆ ಒಪ್ಪಿಸಬೇಕು. ಹೆಂಡತಿಯ ಮೈಯ ಒಂದು ಚೂರನ್ನು ಪ್ಲಾಸ್ಟಿಕ್ ಚೀಲದಲ್ಲಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ನಾನು ಪುಣೆಯ ಈ ತುದಿಯಿಂದ ಆ ತುದಿಗೆ ಸ್ಕೂಟರಿನಲ್ಲಿ ಹೋಗಿದ್ದೇನೆ. ಸ್ಕ್ಯಾನಿಗೆ ಉಪವಾಸ ಇರಬೇಕು, ಎಕೋ ಆಗಬೇಕು, ಸಕ್ಕರೆ ಹತೋಟಿಗೆ ಬರಬೇಕು, ಅರಿವಳಿಕೆ ತಜ್ಞರು 'ಫಿಟ್' ಎಂದು ಬರೆಯಬೇಕು, ವಿಮೆಯವರು ಮುಂಚಿತವಾಗಿ ಒಪ್ಪಬೇಕು. ಮೂರು ಚೆಂಡಿನ ಸ್ಪೈರೋಮೀಟರಿನಲ್ಲಿ ದಿನವೂ ಉಸಿರು ಎಳೆದು ಅಭ್ಯಾಸ ಮಾಡಬೇಕು. ಶಸ್ತ್ರಚಿಕಿತ್ಸೆಯ ನಂತರ ಕೈ ಮೇಲೆತ್ತಲು ಆಗದ ಕಾರಣ ಮುಂದೆ ಗುಂಡಿ ಇರುವ ಬಟ್ಟೆ ಹೊಲಿಸಬೇಕು.

ಇದೆಲ್ಲ ಹಗಲಿನದು. ರಾತ್ರಿ ಎರಡು ಗಂಟೆಗೆ ಅವಳು ಎದ್ದು ಕೂತಾಗ ಪಕ್ಕದಲ್ಲಿ ಎದ್ದು ಕೂರುವುದು ಯಾವ ಪಟ್ಟಿಯಲ್ಲೂ ಇಲ್ಲ. ಎಂಟನೇ ತರಗತಿಯ ಮಗ 'ಅಮ್ಮ ಸಾಯ್ತಾಳಾ?' ಎಂದು ನೇರವಾಗಿ ಕೇಳಿದಾಗ ಸುಳ್ಳಿಲ್ಲದ ಒಂದು ಉತ್ತರ ಹುಡುಕುವುದೂ ಇಲ್ಲ. ಇದನ್ನು ಯಾವ ಕೆಲಸದವಳಿಗೆ, ಯಾವ ನಾದಿನಿಗೆ ವಹಿಸಲಿ?

ಕಾಯುವುದರಲ್ಲೂ ಎರಡು ಬಗೆ ಇದೆ. ಮೇಲಿನ ಪರೀಕ್ಷೆಗಳಿಗೆ ಹಿಡಿಯುವ ಎರಡು ಮೂರು ವಾರ ವ್ಯರ್ಥವಲ್ಲ, ಅವಿಲ್ಲದೆ ಚಿಕಿತ್ಸೆ ಕುರುಡು. ಆದರೆ ವಿನಾಕಾರಣದ ವಿಳಂಬ ಬೇರೆ. ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ 2020ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದು ಏಳು ಬಗೆಯ ಕ್ಯಾನ್ಸರುಗಳನ್ನು ನೋಡಿ, ಶಸ್ತ್ರಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇಕಡಾ 6ರಿಂದ 8ರಷ್ಟು ಏರುತ್ತದೆ ಎಂದು ತೋರಿಸಿತು. ಇದನ್ನು ಓದಿ ಯಾರೂ ಎದೆಗುಂದಬೇಕಿಲ್ಲ. ಒಂದು ಮಾತು ಮಾತ್ರ ಗಮನಿಸಿ: ಸ್ಲೈಡ್ ತರಲು ಯಾರಿಗೂ ರಜೆ ಸಿಗದೆ ಐದು ದಿನ, ವಿಮೆಯ ಕಾಗದದ ಹಿಂದೆ ಓಡಲು ಯಾರೂ ಇಲ್ಲದೆ ಒಂದು ವಾರ, ಹೀಗೆ ಮನೆಗಳಲ್ಲಿ ಸೋರಿಹೋಗುವ ದಿನಗಳೂ ಆ ನಾಲ್ಕು ವಾರದ ಲೆಕ್ಕಕ್ಕೇ ಸೇರುತ್ತವೆ. ಆರೈಕೆಗೆ ಬಿಡುವು ಎನ್ನುವುದು ಭಾವುಕತೆಯ ಬೇಡಿಕೆಯಲ್ಲ. ಅದು ಚಿಕಿತ್ಸೆಯ ಭಾಗ.

ಈ ಕೆಲಸ ಗಂಡ ಮಾಡದಿದ್ದರೆ ಯಾರು ಮಾಡುತ್ತಾರೆ ಎಂಬುದಕ್ಕೆ ನಮ್ಮ ಮನೆಯೇ ಸಾಕ್ಷಿ. ಗದಗಿನಿಂದ ಅತ್ತೆ ಬಂದಿದ್ದಾರೆ. 71 ವರ್ಷ, ಎರಡೂ ಮೊಣಕಾಲು ನೋವು. ಬಂದ ಮರುದಿನ ಬೆಳಗ್ಗೆ ಐದಕ್ಕೇ ಎದ್ದು ರೊಟ್ಟಿ ಬಡಿಯಲು ನಿಂತರು. ನಾನು ಹಿಟ್ಟಿನ ಪರಾತ ತೆಗೆದುಕೊಳ್ಳಲು ಹೋದರೆ, 'ಅಳಿಯಂದ್ರ, ನೀವು ಅಡಗಿ ಮನ್ಯಾಗ ಬರಬ್ಯಾಡ್ರಿ, ನೋಡಿದವರು ಏನಂದಾರು' ಎಂದರು. ನನ್ನ ಹೆಂಡತಿ ಅಡುಗೆಮನೆಗೆ ಬಂದು ಹೇಳಿದ ಮಾತು ಈ ಇಡೀ ಲೇಖನಕ್ಕಿಂತ ತೂಕದ್ದು: 'ಅವ್ವಾ, ನಿನ್ನ ಕರಸಿದ್ದು ರೊಟ್ಟಿ ಮಾಡಾಕಲ್ಲ. ನನ್ನ ಬಾಜೂ ಕುಂದರಾಕ.' ಮಗಳಿಗೆ ಬೇಕಿದ್ದದ್ದು ತಾಯಿ. 'ಹೆಣ್ಣಮಕ್ಕಳು ಯಾರರ ಬೇಕಲ್ಲ' ಎನ್ನುವ ನಮ್ಮ ವ್ಯವಸ್ಥೆ ಆ ತಾಯಿಯನ್ನು ಕೆಲಸದಾಳು ಮಾಡಿ ಒಲೆಯ ಮುಂದೆ ನಿಲ್ಲಿಸುತ್ತದೆ. ಆಗ ಮಗಳ ಪಕ್ಕ ಕೂರುವವರು ಯಾರೂ ಇರುವುದಿಲ್ಲ.

ಶಸ್ತ್ರಚಿಕಿತ್ಸೆಗೆ ಹೋಗುವ ಮೊದಲು ಮೈಮೇಲಿನ ಲೋಹವೆಲ್ಲ ತೆಗೆಯಬೇಕು. ವಿದ್ಯುತ್ ಉಪಕರಣದಿಂದ ರಕ್ತಸ್ರಾವ ನಿಲ್ಲಿಸುವಾಗ ಸುಟ್ಟ ಗಾಯವಾಗಬಹುದು. ತಾಳಿ, ಕಾಲುಂಗರ, ಬಳೆ ಎಲ್ಲವೂ. 'ತಾಳಿ ಹೆಂಗ ತಗೀತಾರವಾ' ಎಂದು ಅತ್ತೆ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಈ ಮಾತನ್ನು ಆಡಿ ಬಗೆಹರಿಸಬೇಕಾದವನು ಯಾರು? ತಾಳಿ ಕಟ್ಟಿದವನೇ ಕೂತು ಆಡಬೇಕು. ಆಡಲು ಅವನು ಮನೆಯಲ್ಲಿರಬೇಕು. ಎಷ್ಟೋ ಆಸ್ಪತ್ರೆಗಳ ಕಾರಿಡಾರಿನಲ್ಲಿ ಇಂಥ ಮಾತು ಕಡೆಯ ಗಳಿಗೆಯಲ್ಲಿ, ಸ್ಟ್ರೆಚರಿನ ಪಕ್ಕ, ನರ್ಸಿನ ಗದರಿಕೆಯ ನಡುವೆ ನಡೆಯುತ್ತದೆ. ಅದು ಹಾಗೆ ನಡೆಯಲೇಬೇಕೆಂದೇನೂ ಇಲ್ಲ.

ಇದು ನಮ್ಮ ಒಂದು ಮನೆಯ ಕತೆಯಲ್ಲ. ಕೇಂದ್ರ ಸರ್ಕಾರದ ಸಾಂಖ್ಯಿಕ ಇಲಾಖೆ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ 299 ನಿಮಿಷ ಅದಕ್ಕೆ ಕೊಡುತ್ತಾರೆ, ತೊಡಗುವ ಗಂಡಸರು 97 ನಿಮಿಷ. ತೊಡಗುವವರ ಪ್ರಮಾಣವೇ ಹೆಂಗಸರಲ್ಲಿ ಶೇಕಡಾ 81, ಗಂಡಸರಲ್ಲಿ 26. ಅಂದರೆ ನಾಲ್ವರಲ್ಲಿ ಮೂವರು ಗಂಡಸರು ಒಂದು ನಿಮಿಷವನ್ನೂ ಕೊಡುವುದಿಲ್ಲ. ಕ್ಯಾನ್ಸರ್ ಬಂದ ಮರುದಿನ ಈ ಅಂಕಿ ತಾನಾಗಿ ಬದಲಾಗುವುದಿಲ್ಲ. ಕಾಯಿಲೆ ಬಿದ್ದವಳೇ ಆಸ್ಪತ್ರೆಗೆ ಹೋಗುವ ಹಿಂದಿನ ರಾತ್ರಿಯವರೆಗೆ ಡಬ್ಬಿಗಳಲ್ಲಿ ಚಟ್ನಿಪುಡಿ ತುಂಬಿಡುತ್ತಿರುತ್ತಾಳೆ. ಹತ್ತು ದಿನಕ್ಕೆ ಆಗುವಷ್ಟು.

ಅಮೆರಿಕದಲ್ಲಿ 515 ರೋಗಿಗಳನ್ನು ಹಿಂಬಾಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮಿದುಳಿನ ಗಡ್ಡೆ, ಬೇರೆ ಕ್ಯಾನ್ಸರ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದವರು ಅವರು. ಹೆಂಡತಿ ರೋಗಿಯಾದ ಮನೆಗಳಲ್ಲಿ ಶೇಕಡಾ 20.8ರಷ್ಟು ದಂಪತಿಗಳು ಬೇರೆಯಾದರು. ಗಂಡ ರೋಗಿಯಾದ ಮನೆಗಳಲ್ಲಿ ಶೇಕಡಾ 2.9. ಇದನ್ನು ಓದಿ 'ನಮ್ಮಲ್ಲಿ ಹಂಗಿಲ್ಲ' ಎಂದು ಬೀಗುವ ಮೊದಲು ಒಂದು ಕ್ಷಣ ಯೋಚಿಸಿ. ನಮ್ಮಲ್ಲಿ ವಿಚ್ಛೇದನದ ಅಗತ್ಯವೇ ಇಲ್ಲ. 'ತವರಿಗೆ ಕಳಿಸು, ಅಲ್ಲಿ ಆರೈಕಿ ಚೊಲೊ ಆಗ್ತದ' ಎಂದರೆ ಆಯಿತು. ನನಗೂ ಮೂವರು ಹೇಳಿದ್ದಾರೆ. ಹೋಗಬೇಕೆನ್ನುವ ಇಚ್ಛೆ ಅವಳದಾಗಿದ್ದರೆ ಮಾತು ಬೇರೆ. ಗಂಡನಿಗೆ ಅನುಕೂಲ ಎಂದು ಕಳಿಸಿದರೆ ಅದಕ್ಕೆ ಬಿಟ್ಟುಬಿಡುವುದು ಎಂದೇ ಹೆಸರು.

ನಮ್ಮ ಕಾನೂನು, ನಿಯಮಗಳೂ ಇದೇ ಮನೆಯಲ್ಲಿ ಬೆಳೆದಂಥವು. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ ಆಯಿತು, ಅದು ಆಗಬೇಕಾದದ್ದೇ. ಕೇಂದ್ರ ಸರ್ಕಾರಿ ನೌಕರರಲ್ಲಿ ಮಗುವಿನ ಆರೈಕೆಗೆ ಮಹಿಳೆಯರಿಗೆ ಇಡೀ ಸೇವೆಯಲ್ಲಿ 730 ದಿನಗಳ ರಜೆ ಇದೆ. 2018ರಲ್ಲಿ ಅದನ್ನು ಗಂಡಸರಿಗೂ ವಿಸ್ತರಿಸಿದರು. ಯಾವ ಗಂಡಸರಿಗೆ? ಹೆಂಡತಿ ಇಲ್ಲದ ಒಂಟಿ ಗಂಡಸರಿಗೆ. ಸರ್ಕಾರಿ ಭಾಷೆಯಲ್ಲಿ ಬರೆದ 'ಮನ್ಯಾಗ ಯಾರದಾರ?' ಇದು. ಮನೆಯಲ್ಲಿ ಹೆಂಗಸಿದ್ದರೆ ಗಂಡಸಿಗೆ ಆರೈಕೆಯ ಹಕ್ಕಿಲ್ಲ. ಆ ಹೆಂಗಸೇ ಹಾಸಿಗೆ ಹಿಡಿದರೆ? ಖಾಸಗಿ ನೌಕರಿಯಲ್ಲಿರುವವನಿಗೆ ಸಂಗಾತಿಯ ಗಂಭೀರ ಕಾಯಿಲೆಗೆಂದೇ ರಜೆ ಕೊಡುವ ಕಾನೂನು ದೇಶದಲ್ಲಿಲ್ಲ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಲ್ಲಿ ವರ್ಷಕ್ಕೆ 8 ಸಾಂದರ್ಭಿಕ ರಜೆ ಇದೆ, ಗಳಿಕೆ ರಜೆಯನ್ನು 45 ದಿನಗಳವರೆಗೆ ಕೂಡಿಡಬಹುದು. ಹಬ್ಬಕ್ಕೆ ಊರಿಗೆ ಹೋಗುವುದೂ ಹೆಂಡತಿಯ ಕ್ಯಾನ್ಸರೂ ಒಂದೇ ಚೀಲದಿಂದ ಬರಬೇಕು.

ಬೇರೆ ಕಡೆ ಹೀಗಿಲ್ಲ. ಜಪಾನಿನಲ್ಲಿ ಆರೈಕೆ ಬೇಕಾದ ಒಬ್ಬೊಬ್ಬ ಕುಟುಂಬದವರಿಗೆ 93 ದಿನಗಳ ರಜೆಯನ್ನು ಮೂರು ಕಂತಿನಲ್ಲಿ ತೆಗೆದುಕೊಳ್ಳಬಹುದು. ಸಂಬಳದ ಶೇಕಡಾ 67ರಷ್ಟನ್ನು ಉದ್ಯೋಗ ವಿಮೆ ಕೊಡುತ್ತದೆ. ದುಡ್ಡೇ ದೇವರು ಎನ್ನುವ ಅಮೆರಿಕದಲ್ಲೂ 1993ರಿಂದ, 50ಕ್ಕಿಂತ ಕಡಿಮೆಯಿಲ್ಲದಷ್ಟು ನೌಕರರಿರುವ ಸಂಸ್ಥೆಗಳಲ್ಲಿ, 12 ವಾರ ರಜೆಯ ಹಕ್ಕಿದೆ. ಸಂಬಳವಿಲ್ಲ, ಆದರೆ ಕೆಲಸ ಹೋಗುವುದಿಲ್ಲ. ಬ್ರಿಟನ್ನಿನಲ್ಲಿ 2024ರಿಂದ ಆರೈಕೆದಾರರಿಗೆ ವರ್ಷಕ್ಕೆ ಒಂದು ವಾರ. ಕಡಿಮೆಯೇ, ಆದರೆ ಕಾನೂನು ಅವರನ್ನು ಹೆಸರಿಟ್ಟು ಕರೆದಿದೆ.

ನಮ್ಮ ಐಟಿ ಉದ್ಯಮ ಹೇಳುವ ನೆಪ ಒಂದಿದೆ: 'ಪ್ರಾಜೆಕ್ಟ್ ನಿಲ್ಲುತ್ತದೆ.' ಹದಿನೆಂಟು ವರ್ಷ ಇದೇ ಕೆಲಸ ಮಾಡಿದವನಾಗಿ ಹೇಳುತ್ತೇನೆ, ನಿಲ್ಲುವುದಿಲ್ಲ. ಈ ಉದ್ಯಮ ಕಟ್ಟಿಕೊಂಡಿರುವುದೇ ಜನ ಬಿಟ್ಟುಹೋಗುತ್ತಾರೆ ಎಂಬ ಲೆಕ್ಕದ ಮೇಲೆ. ಎರಡು ಮೂರು ತಿಂಗಳ ನೋಟಿಸ್ ಅವಧಿ, ಹ್ಯಾಂಡೋವರ್ ಪಟ್ಟಿ, ಬೆಂಚಿನಲ್ಲಿ ಕಾಯುವ ಬದಲಿ ಜನ, ಎಲ್ಲವೂ ಅದಕ್ಕಾಗಿಯೇ ಇವೆ. ಒಬ್ಬ ಮ್ಯಾನೇಜರ್ ಬೇರೆ ಕಂಪನಿಗೆ ಹೆಚ್ಚಿನ ಸಂಬಳಕ್ಕೆ ಹೋದರೆ ಕೇಕ್ ಕತ್ತರಿಸಿ ಬೀಳ್ಕೊಟ್ಟು ಸೋಮವಾರ ಇನ್ನೊಬ್ಬನನ್ನು ಕೂರಿಸುತ್ತೀರಿ. ಅವನೇ ಹೆಂಡತಿಯ ಜೊತೆ ಆರು ವಾರ ಇರುತ್ತೇನೆ ಎಂದರೆ ಪ್ರಪಂಚ ಮುಳುಗಿದಂತೆ ಆಡುತ್ತೀರಿ. ಅಡಚಣೆ ಸಾಮರ್ಥ್ಯದ್ದಲ್ಲ. ಗಂಡಸಿನ ಈ ಗೈರುಹಾಜರಿಗೆ ನಿಮ್ಮ ಪಟ್ಟಿಯಲ್ಲಿ ಹೆಸರಿಲ್ಲ, ಅಷ್ಟೇ.

'ವರ್ಕ್ ಫ್ರಮ್ ಹೋಮ್ ಇದೆಯಲ್ಲ' ಎನ್ನುವುದು ಎರಡನೆಯ ನೆಪ. ಸ್ಕ್ಯಾನ್ ಕೋಣೆಯ ಹೊರಗೆ ಕುರ್ಚಿಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ, ಕಿವಿಗೆ ಹೆಡ್‌ಫೋನ್ ಹಾಕಿ, ಗ್ರಾಹಕನಿಗೆ ವಾರದ ಪ್ರಗತಿ ಹೇಳುತ್ತಿರುವ ಗಂಡ ಅಲ್ಲಿದ್ದಾನೆಯೇ? ಒಳಗಿನಿಂದ ಹೆಂಡತಿಯ ಹೆಸರು ಕೂಗಿದರೆ ಅವನಿಗೆ ಕೇಳಿಸುವುದಿಲ್ಲ.

ನನ್ನ ಮೇಲೆ ಬರಬಹುದಾದ ಒಂದು ಆಕ್ಷೇಪ ಮಾತ್ರ ಗಟ್ಟಿಯಾದದ್ದು. 'ನೀನು ಐಟಿಯವ. ಕಂಪನಿಯ ವಿಮೆ ಇದೆ, ಕೂಡಿಟ್ಟ ರಜೆ ಇದೆ. ದಿನಗೂಲಿಯವನು ಹೆಂಡತಿಯ ಪಕ್ಕ ಕೂತರೆ ಔಷಧಿಗೆ ದುಡ್ಡೆಲ್ಲಿಂದ?' ನಿಜ. ಮುಂಬೈಯ ಪರೇಲ್‌ನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯ ಸುತ್ತಲಿನ ಫುಟ್‌ಪಾತನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೇಶದ ಮೂಲೆಮೂಲೆಯಿಂದ ಬಂದ ಕುಟುಂಬಗಳು ದಿನದ ಕೂಲಿ ಬಿಟ್ಟು, ಧರ್ಮಶಾಲೆಯಲ್ಲಿ ಜಾಗ ಸಿಗದೆ, ಅಲ್ಲೇ ಅಡುಗೆ ಮಾಡಿಕೊಂಡು ಸರದಿ ಕಾಯುತ್ತವೆ. ಹಾಗಾಗಿಯೇ ನಾನು ಕಂಪನಿಯ ದಯೆಯನ್ನು ಕೇಳುತ್ತಿಲ್ಲ, ಕಾನೂನನ್ನು ಕೇಳುತ್ತಿದ್ದೇನೆ. ದಯೆ ನನ್ನಂಥವನಿಗೆ ಸಿಗುತ್ತದೆ, ನಮ್ಮ ಕಟ್ಟಡದ ಗೇಟಿನಲ್ಲಿ ಹನ್ನೆರಡು ತಾಸು ನಿಲ್ಲುವ ಕಾವಲುಗಾರನಿಗೆ ಸಿಗುವುದಿಲ್ಲ. ಅವನಿಗೂ ತಲುಪಬೇಕಾದರೆ ರಜೆಯ ದುಡ್ಡು ಮಾಲೀಕನ ಜೇಬಿನಿಂದಲ್ಲ, ಇಎಸ್‌ಐಯಂಥ ಸಾಮಾಜಿಕ ವಿಮೆಯಿಂದ ಬರಬೇಕು. ನೌಕರ ತಾನೇ ಕಾಯಿಲೆ ಬಿದ್ದಾಗ ಇಎಸ್‌ಐ ಕೂಲಿಯ ಒಂದು ಭಾಗ ಕೊಡುತ್ತದೆ. ಹೆಂಡತಿ ಬಿದ್ದಾಗಲೂ ಅವನ ಕೂಲಿ ಹೋಗುತ್ತದೆಯಲ್ಲ?

ಹಾಗಾದರೆ ಏನಾಗಬೇಕು? ಕ್ಯಾನ್ಸರಿನಂಥ ಗಂಭೀರ ಕಾಯಿಲೆಗೆ ಸಂಗಾತಿಗಾಗಲಿ ಮಕ್ಕಳಿಗಾಗಲಿ ಕನಿಷ್ಠ ಆರು ವಾರದ ಆರೈಕೆ ರಜೆ, ಕಂತುಗಳಲ್ಲಿ ತೆಗೆದುಕೊಳ್ಳುವ ಅವಕಾಶದೊಂದಿಗೆ, ಕಾನೂನಿನಲ್ಲಿ ಬರಬೇಕು. ಅದರ ಲೆಕ್ಕ ಆಸ್ಪತ್ರೆಗೆ ದಾಖಲಾದ ದಿನದಿಂದಲ್ಲ, ಬಯಾಪ್ಸಿ ವರದಿಯ ದಿನದಿಂದ ಶುರುವಾಗಬೇಕು. ಗಂಡಸಿಗೂ ಹೆಂಗಸಿಗೂ ಒಂದೇ ಪ್ರಮಾಣದಲ್ಲಿ ಸಿಗಬೇಕು. ಇಲ್ಲವಾದರೆ ಮನೆಯವರು ಹೆಂಗಸಿನ ರಜೆಯನ್ನೇ ಬಳಸುತ್ತಾರೆ, ಮುಂದೆ ಕೆಲಸ ಕಳೆದುಕೊಳ್ಳುವವಳೂ ಅವಳೇ.

ಕಾನೂನು ಬರುವವರೆಗೆ, ಊರು ಬಿಟ್ಟು ಬಂದು ಮುಂಬೈ, ಪುಣೆ, ಹೈದರಾಬಾದ್, ದೆಹಲಿಗಳ ಫ್ಲ್ಯಾಟುಗಳಲ್ಲಿ ಬದುಕುವ ನಮ್ಮ ಕೈಯಲ್ಲಿ ಆಗುವುದೂ ಇದೆ. ಇಲ್ಲಿ ನಮಗೆ ಕಾಕಾ, ಚಿಗವ್ವ, ಓಣಿಯವರು ಇಲ್ಲ. ಇರುವುದು ಕನ್ನಡ ಸಂಘ, ವಾಟ್ಸಾಪ್ ಗುಂಪು, ನಮ್ಮಂಥದೇ ನಾಲ್ಕು ಮನೆ. ಯಾರ ಮನೆಯಲ್ಲಾದರೂ ಹೀಗಾದರೆ 'ಏನಾದರೂ ಬೇಕಿದ್ದರೆ ಹೇಳಿ' ಎಂದು ಬರೆದು ಕೈ ಮುಗಿಯುವ ಚಿತ್ರ ಹಾಕಬೇಡಿ. ಅವರಾಗಿ ಕೇಳುವುದಿಲ್ಲ. 'ಗುರುವಾರದ ರಾತ್ರಿ ಊಟ ನಮ್ಮದು, ಎಂಟಕ್ಕೆ ಬಾಗಿಲಿಗೆ ತಂದಿಡುತ್ತೇವೆ' ಎಂದು ಬರೆಯಿರಿ. ಮಗುವನ್ನು ಟ್ಯೂಷನ್ನಿಗೆ ಬಿಟ್ಟು ಕರೆತರುವುದನ್ನು ಒಬ್ಬರು ಹೊತ್ತುಕೊಳ್ಳಿ. ಈ ಕೆಲಸಗಳ ಪಟ್ಟಿಯಲ್ಲಿ ಗಂಡಸರ ಹೆಸರೂ ಇರಲಿ, ಬರೀ ಅವರ ಹೆಂಡಂದಿರದ್ದಲ್ಲ. ನಿಮ್ಮ ಕೈಕೆಳಗೆ ಜನ ಕೆಲಸ ಮಾಡುತ್ತಿದ್ದರೆ, ರಜೆ ಕೇಳಿ ಬಂದವನಿಗೆ ಮನೆಯಲ್ಲಿ ಬೇರೆ ಯಾರಿದ್ದಾರೆ ಎಂದು ವಿಚಾರಿಸದೆ, ಎಷ್ಟು ದಿನ ಬೇಕು ಎಂದಷ್ಟೇ ಕೇಳಿ. ಮತ್ತು ಫೋನ್ ಮಾಡುವುದಾದರೆ ರೋಗಿಗೇ ಮಾಡಿ. ಕ್ಯಾನ್ಸರ್ ಬಂದವಳಿಗೆ ಮಾತು ಹೋಗಿರುವುದಿಲ್ಲ.

ನಮ್ಮದು ಬರುವ ಸೋಮವಾರ ಬೆಳಗ್ಗೆ ಏಳಕ್ಕೆ. ನಾನು ಒಂದು ತಿಂಗಳ ರಜೆ ಹಾಕಿದ್ದೇನೆ. ಅರ್ಧ ಗಳಿಕೆಯದು, ಅರ್ಧ ಸಂಬಳವಿಲ್ಲದ್ದು. ಕಾರಣದ ಜಾಗದಲ್ಲಿ 'ವೈಯಕ್ತಿಕ' ಎಂದು ಹಾಕಿ ಎಂದು ಸಂಬಂಧಪಟ್ಟವರು ಸೂಚಿಸಿದರು. 'ಹೆಂಡತಿಯ ಆರೈಕೆ' ಎಂದೇ ಬರೆದು ಕಳಿಸಿದ್ದೇನೆ. ನೀವೂ ಹಾಗೇ ಬರೆಯಿರಿ. ಇಂಥ ಅರ್ಜಿಗಳು ಸಾಕಷ್ಟು ಬಿದ್ದರೆ ಅದಕ್ಕೊಂದು ಹೆಸರು ಕೊಡುವುದು ಅವರಿಗೂ ಅನಿವಾರ್ಯವಾಗುತ್ತದೆ.